ಕಲಬುರಗಿಯಿಂದ ಅಫರ್ವತ್‌ಗೆ: ಸ್ಕೀ ಬರುವವರು, ಬಾರದವರು ಸೇರಿ ಹೋಗಿ ಬಂದ ಅನುಭವ

ಕಾಶ್ಮೀರದ ಗುಲ್ಮಾರ್ಗ್‌ನಿಂದ ಬಂದು ಬ್ಯಾಗು ಇನ್ನೂ ಪೂರ್ತಿ ಖಾಲಿ ಆಗಿಲ್ಲ. ಅಷ್ಟರಲ್ಲೇ ಪರಿಚಯದವರು ಕೇಳಲು ಶುರು ಮಾಡಿದ್ದಾರೆ. ಹೇಗೆ ಹೋದಿರಿ, ಎಷ್ಟಾಯಿತು, ಸ್ಕೀ ಬಾರದವರು ಹೋಗಬಹುದಾ? ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ. ಒಂದು ವಿಷಯ ಮೊದಲೇ ಹೇಳಿಬಿಡಬೇಕು. ನಿಮ್ಮ ಗುಂಪಿನಲ್ಲಿ ಒಬ್ಬರಿಗೆ ಚೆನ್ನಾಗಿ ಸ್ಕೀ ಬಂದು, ಉಳಿದವರು ಹಿಮವನ್ನೇ ನೋಡಿಲ್ಲ ಅಂತಿದ್ದರೆ, ಯಾರು ಬೆಟ್ಟದ ಎಲ್ಲಿವರೆಗೆ ಹೋಗುತ್ತಾರೆ ಅನ್ನುವುದನ್ನು ಊರಲ್ಲೇ ಕೂತು ಮಾತಾಡಿಕೊಳ್ಳಿ. ಬೆಟ್ಟದ ಮೇಲೆ ಗಾಳಿಯಲ್ಲಿ ನಿಂತು ಮಾತಾಡುವ ವಿಷಯ ಅಲ್ಲ ಅದು.

ನಾವು ಐದು ಜನ, ಹೈಸ್ಕೂಲಿನಿಂದ ಜೊತೆಗಿರುವವರು. ಒಬ್ಬ ಬಹಳ ವರ್ಷ ಜರ್ಮನಿಯಲ್ಲಿ ಕೆಲಸ ಮಾಡಿ ಬಂದವನು. ಅಲ್ಲಿ ಪ್ರತಿ ಚಳಿಗಾಲ ಆಲ್ಪ್ಸ್‌ನಲ್ಲಿ ಸ್ಕೀ ಮಾಡುತ್ತಿದ್ದ. ಇನ್ನೊಬ್ಬನದು ದಾಲ್ ಮಿಲ್, ನಾವೆಲ್ಲ ಅವನನ್ನು ಸಾವ್ಕಾರ ಅಂತಲೇ ಕರೆಯುವುದು. ಮತ್ತೊಬ್ಬರು ಪ್ರಾಥಮಿಕ ಶಾಲೆಯ ಮಾಸ್ತರು. ಬೀದರ್‌ನಲ್ಲಿರುವ ಗೆಳತಿ ಡಾಕ್ಟರ್. ಅವಳ ಮೊಣಕಾಲಿಗೆ ಹಿಂದೆ ಆಪರೇಷನ್ ಆಗಿದೆ. ಆದ್ದರಿಂದ ಸ್ಕೀ ಹಾಕಲ್ಲ, ಹಿಮ ನೋಡಿದರೆ ಸಾಕು ಅಂತ ಮೊದಲೇ ಹೇಳಿದ್ದಳು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಹಿಂದೊಮ್ಮೆ ಉತ್ತರಾಖಂಡದ ಔಲಿಯಲ್ಲಿ ಸ್ಕೀ ಬೇಸಿಕ್ ಕೋರ್ಸ್ ಮಾಡಿದ್ದರಿಂದ ಅಷ್ಟೋ ಇಷ್ಟೋ ಬರುತ್ತೆ. ಹೀಗೆ ಮಧ್ಯದಲ್ಲಿರುವವಳು ನಾನೇ ಆದದ್ದಕ್ಕೆ ಎಲ್ಲಾ ಏರ್ಪಾಡು ನನ್ನ ಪಾಲಿಗೆ ಬಂತು.

ಮೊದಲ ತಲೆನೋವು ದಿನಾಂಕ. ಒಳ್ಳೆಯ ಹಿಮ ಇರುವುದು ಜನವರಿ, ಫೆಬ್ರವರಿಯಲ್ಲಿ. ನಮ್ಮ ಕಡೆ ತೊಗರಿ ರಾಶಿ ಆಗುವುದೂ ಆಗಲೇ. "ಹೊಸ ತೊಗರಿ ಬರೋ ಟೈಮಿಗಿ ಮಿಲ್ ಬಿಟ್ಟು ಹ್ಯಾಂಗ ಬರ್ಲಿ?" ಅಂತ ಸಾವ್ಕಾರ ಕೂತುಬಿಟ್ಟ. ಮಾರ್ಚ್ ಅಂದರೆ ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ, ಅವನ ಮನೆಗೆ ನೆಂಟರು ಬರುತ್ತಾರೆ. ಮಾರ್ಚ್ ಹೊತ್ತಿಗೆ ಕೆಳಗಿನ ಮೈದಾನದಲ್ಲಿ ಹಿಮ ಮಧ್ಯಾಹ್ನದಷ್ಟೊತ್ತಿಗೆ ಒದ್ದೆಯಾಗುತ್ತೆ, ಕಲಿಯುವವರಿಗೆ ಕಷ್ಟ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ವರ್ಷದ ಅತಿ ಕಟುವಾದ ಚಳಿ. ಅದು ಮುಗಿದ ಮೇಲೆ, ತೊಗರಿಯ ಗದ್ದಲ ಸ್ವಲ್ಪ ಇಳಿದ ಮೇಲೆ, ಜಾತ್ರೆಗೆ ಮುಂಚೆ ಅಂತ ಲೆಕ್ಕ ಹಾಕಿ ಫೆಬ್ರವರಿ ಕೊನೆಯ ಭಾಗ ಹಿಡಿದೆವು.

ಮಾಸ್ತರ ರಜೆ ಇನ್ನೊಂದು ಕಥೆ. ಗಳಿಕೆ ರಜೆ ಮಂಜೂರಾದರೆ ಸಾಲದು, ಕೇಂದ್ರಸ್ಥಾನ ಬಿಡಲು ಅನುಮತಿಯೂ ಬೇಕು. ಅರ್ಜಿ ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ ಹೋಗಲು ವಾರಗಟ್ಟಲೆ ಹಿಡಿಯಿತು. ಅವರು ಕಾದರು, ನಾವೂ ಟಿಕೆಟ್ ತೆಗೆಯದೆ ಕಾದೆವು. ಆ ಮಧ್ಯೆ ವಿಮಾನದ ದರ ಏರುತ್ತಲೇ ಹೋಯಿತು. ಸರ್ಕಾರಿ ನೌಕರರು ಗುಂಪಿನಲ್ಲಿದ್ದರೆ ಎಲ್ಲಕ್ಕಿಂತ ಮೊದಲು ಅವರ ಅರ್ಜಿ ಕೊಡಿಸಿ. ಎರಡು ದಿನ ಜಾಸ್ತಿಯೇ ಕೇಳಿರಲಿ. ಅದು ಎಷ್ಟು ಉಪಯೋಗಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಎಲ್ಲಿಗೆ ಹೋಗುವುದು ಅನ್ನುವುದರ ಮೇಲೆ ತುಂಬಾ ವಾದ ನಡೆಯಿತು. ನನಗೆ ಔಲಿ ಗೊತ್ತು, ಕಲಿಯುವವರಿಗೆ ಇಳಿಜಾರು ಹದವಾಗಿದೆ. ಆದರೆ 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಕುಸಿಯಲು ಶುರುವಾದಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತಿತು. ಅದಕ್ಕಿಂತ ಹೆಚ್ಚಾಗಿ ಜರ್ಮನಿ ಗೆಳೆಯನಿಗೆ ಕಡಿದಾದ ಬೆಟ್ಟವೇ ಬೇಕಿತ್ತು. ಗುಲ್ಮಾರ್ಗ್‌ನಲ್ಲಿ ಎರಡೂ ಇದೆ. ಊರು ಇರುವುದು ಸುಮಾರು 2,650 ಮೀಟರ್ ಎತ್ತರದ ಹುಲ್ಲುಗಾವಲಿನಲ್ಲಿ. ಅಲ್ಲಿ ಕಲಿಯುವವರಿಗೆ ಸಣ್ಣ ಇಳಿಜಾರುಗಳು, ಇಳಿಜಾರಿನ ಮೇಲಕ್ಕೆ ಒಯ್ಯುವ ಸಣ್ಣ ಲಿಫ್ಟ್‌ಗಳು. ಗೊಂಡೊಲಾ ಅಂದರೆ ತಂತಿಯ ಮೇಲೆ ಹೋಗುವ ಕೇಬಲ್ ಕಾರ್, ಅದರ ಮೊದಲ ಹಂತ ಕೊಂಗ್ದೂರಿಯವರೆಗೆ, ಮೂರು ಸಾವಿರ ಮೀಟರ್ ದಾಟುತ್ತೆ. ಎರಡನೇ ಹಂತ ಅಫರ್ವತ್ ಬೆಟ್ಟದ ಭುಜದವರೆಗೆ, ಸುಮಾರು 3,950 ಮೀಟರ್. ನಮ್ಮ ಕಲಬುರಗಿ ಇರುವುದು 450 ಮೀಟರ್ ಎತ್ತರದಲ್ಲಿ ಅನ್ನುವುದು ನೆನಪಿರಲಿ.

ಇಲ್ಲೇ ಗಮನಿಸಬೇಕಾದದ್ದು ಒಂದಿದೆ. ಗುಲ್ಮಾರ್ಗ್‌ನಲ್ಲಿ ತೀರಾ ಸುಲಭದ್ದೂ ಇದೆ, ತೀರಾ ಕಷ್ಟದ್ದೂ ಇದೆ. ಮಧ್ಯದ್ದು ಕಡಿಮೆ. ಎರಡನೇ ಹಂತದಿಂದ ಸ್ಕೀ ಮಾಡಿಕೊಂಡು ಇಳಿಯಲು ಸುಲಭದ ದಾರಿ ಅಂತ ಇಲ್ಲ. ಕೊಂಗ್ದೂರಿವರೆಗೆ ಸುಮಾರು 900 ಮೀಟರ್ ಇಳಿಯಬೇಕು, ಅದೂ ಯಂತ್ರದಿಂದ ಹದ ಮಾಡಿರದ ಹಿಮದಲ್ಲಿ. ಏಜೆಂಟ್ ಒಬ್ಬರು ನಮಗೆ "ಎಲ್ಲರಿಗೂ ಸ್ಕೀ ಪ್ಯಾಕೇಜ್" ಅಂತ ಹೇಳಿದ್ದರು. ಬಿಡಿಸಿ ಕೇಳಿದಾಗ ಗೊತ್ತಾಯಿತು, ಅದರಲ್ಲಿ ಇದ್ದದ್ದು ಒಂದು ಗಂಟೆ ಸ್ಕೀ, ಉಳಿದದ್ದು ಸ್ಲೆಡ್ಜ್ ಸವಾರಿ. ನಾವು ಅದನ್ನು ಬಿಟ್ಟು ಎಲ್ಲವನ್ನೂ ಬಿಡಿಬಿಡಿಯಾಗಿ ಬುಕ್ ಮಾಡಿದೆವು.

ಮನೆಯವರನ್ನು ಒಪ್ಪಿಸುವುದು ನಿಜಕ್ಕೂ ಕಷ್ಟವಾಯಿತು. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನ ಬೈಸರನ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಅವರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ನಮ್ಮವ್ವ ಆ ಸುದ್ದಿಯನ್ನು ಟಿವಿ ಮುಂದೆ ಕೂತು ನೋಡಿದವಳು. "ಬ್ಯಾಡವ್ವ, ಬ್ಯಾರೆ ಎಲ್ಲಿಗ್ಯಾರ ಹೋಗ್ರಿ" ಅಂತ ಕೈ ಹಿಡಿದುಕೊಂಡಳು. ಅವಳ ಭಯಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವಾದ ಮಾಡಲಿಲ್ಲ. ಎಲ್ಲಿ ಉಳಿಯುತ್ತೇವೆ, ಯಾವ ದಾರಿ, ಯಾರ ಫೋನ್ ನಂಬರ್, ಎಲ್ಲ ಬರೆದು ಕೊಟ್ಟೆ. ದಿನಾ ಸಂಜೆ ಫೋನ್ ಮಾಡುತ್ತೇನೆ ಅಂದೆ. ಆಮೇಲೆ ಒಪ್ಪಿದಳು.

ಫೋನ್ ಅಂದಾಗ ಇನ್ನೊಂದು. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯಲ್ಲ. ಪೋಸ್ಟ್‌ಪೇಯ್ಡ್ ನಡೆಯುತ್ತೆ. ನಮ್ಮಲ್ಲಿ ಮೂವರದು ಪ್ರೀಪೇಯ್ಡ್. ಹೊರಡುವ ಮುಂಚೆಯೇ ಪೋಸ್ಟ್‌ಪೇಯ್ಡ್‌ಗೆ ಬದಲಾಯಿಸಿಕೊಂಡೆವು. ಬೆಟ್ಟದ ಮೇಲೆ ಬೇರೆಬೇರೆ ಕಡೆ ಇರುವ ಗುಂಪಿಗೆ ಇದು ಸಣ್ಣ ವಿಷಯ ಅಲ್ಲ.

ಇನ್ಶೂರೆನ್ಸ್‌ಗೆ ಒಂದು ಭಾನುವಾರ ಪೂರ್ತಿ ಹೋಯಿತು. ಸಾಧಾರಣ ಪ್ರವಾಸ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿರುತ್ತಾರೆ. ಅದಕ್ಕೆ ಬೇರೆ ಹಣ ಕಟ್ಟಿ ಸೇರಿಸಿಕೊಳ್ಳಬೇಕು. ಸೇರಿಸಿಕೊಂಡರೂ, ಗುರುತಿಸಿದ ಇಳಿಜಾರಿನ ಹೊರಗೆ ಬಿದ್ದರೆ ಕೊಡುತ್ತೀರಾ, ಇಲ್ಲವಾ ಅಂತ ಕೇಳಿ. ಫೋನಿನಲ್ಲಿ "ಹೌದು ಮೇಡಂ" ಅಂದದ್ದನ್ನು ನಂಬಬೇಡಿ, ಇಮೇಲ್‌ನಲ್ಲಿ ಬರೆಸಿಕೊಳ್ಳಿ. ನಾನು ಬರೆಸಿಕೊಂಡೆ.

ದೇಹ ಸಿದ್ಧ ಮಾಡಿಕೊಳ್ಳುವುದನ್ನು ನಮ್ಮ ಡಾಕ್ಟರ್ ನೋಡಿಕೊಂಡಳು. ದಿನಾ ಮೆಟ್ಟಿಲು ಹತ್ತಿ ಇಳಿಯುವುದು, ಬೈಠಕ್, ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಇಲ್ಲದೆ ಕೂರುವುದು. ಸ್ಕೀಯಲ್ಲಿ ನೋಯುವುದು ತೊಡೆ, ಮೊಣಕಾಲು. ಸಾವ್ಕಾರನಿಗೆ ಬಿಪಿ ಇದೆ. ಪರೀಕ್ಷೆ ಮಾಡಿಸಿ, ಮಾತ್ರೆ ಸರಿ ಮಾಡಿ, ಮೊದಲ ಎರಡು ದಿನ ಎರಡನೇ ಹಂತಕ್ಕೆ ಹೋಗಕೂಡದು ಅಂತ ಅವಳೇ ಚೀಟಿ ಬರೆದಳು. ಆ ಎತ್ತರದಲ್ಲಿ ಆರೋಗ್ಯವಂತರಿಗೂ ತಲೆ ಸಿಡಿಯುತ್ತೆ, ಉಸಿರು ಕಟ್ಟುತ್ತೆ.

ಹೊರಡುವ ಹಿಂದಿನ ವಾರ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದೆವು. ಅವತ್ತು ಆದ ಮಾತು ಇಡೀ ಪ್ರವಾಸವನ್ನು ಕಾಪಾಡಿತು ಅಂತ ನನ್ನ ನಂಬಿಕೆ. ಸಾವ್ಕಾರ ಅಫರ್ವತ್ ಮೇಲಿಂದಲೇ ಸ್ಕೀ ಮಾಡಿಕೊಂಡು ಇಳಿಯಬೇಕು ಅಂತ ಆಸೆ ಇಟ್ಟುಕೊಂಡಿದ್ದ. ಜರ್ಮನಿ ಗೆಳೆಯ ಸ್ಪಷ್ಟವಾಗಿ ಹೇಳಿದ: "ನೀ ನನ್ನ ಹಿಂದ ಬಂದಿ ಅಂದ್ರ ಇಬ್ರೂ ಸಿಗಬೀಳ್ತೀವಿ. ಮೊದ್ಲ ನಿಲ್ಲೋದು ಕಲಿ, ಮುಂದಿನ ವರ್ಷ ನಾನೇ ಕರ್ಕೊಂಡು ಹೋಗ್ತೀನಿ." ಅದೇ ಹೊತ್ತಿಗೆ ಅವನಿಗೂ ಒಂದು ಷರತ್ತು ಹಾಕಿದೆವು. ಒಬ್ಬನೇ ಹೋಗುವಂತಿಲ್ಲ, ಗೈಡ್ ಬೇಕೇ ಬೇಕು.

ಈ ಷರತ್ತಿಗೆ ಕಾರಣ ಇದೆ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಒಳ್ಳೆಯ ಸ್ಕೀಯರ್‌ಗಳು ಹುಡುಕಿಕೊಂಡು ಹೋಗುವ ಇಳಿಜಾರೂ ಅದೇ. 2023ರ ಫೆಬ್ರವರಿಯಲ್ಲಿ ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲೇ ರಷ್ಯಾದ ಒಬ್ಬರು ಹೀಗೆ ತೀರಿಕೊಂಡರು. ಹಿಮದಡಿ ಸಿಕ್ಕವರನ್ನು ಮೊದಲ ಹದಿನೈದು ನಿಮಿಷದಲ್ಲಿ ತೆಗೆದರೆ ಬದುಕುವ ಸಾಧ್ಯತೆ ಜಾಸ್ತಿ, ಆಮೇಲೆ ಬೇಗ ಕುಸಿಯುತ್ತೆ. ಅಂದರೆ ಪಕ್ಕದಲ್ಲಿರುವವರೇ ಹುಡುಕಿ ಅಗೆದು ತೆಗೆಯಬೇಕು. ಸಿಗ್ನಲ್ ಕೊಡುವ ಬೀಕನ್, ಚುಚ್ಚಿ ನೋಡುವ ಉದ್ದದ ಕಡ್ಡಿ, ಸಲಿಕೆ, ಈ ಮೂರೂ ಇಬ್ಬರ ಹತ್ತಿರವೂ ಇರಬೇಕು. ಒಬ್ಬನ ಹತ್ತಿರ ಮಾತ್ರ ಇದ್ದರೆ ಏನು ಪ್ರಯೋಜನ?

ಬಟ್ಟೆಗೆ ಹೈದರಾಬಾದ್‌ವರೆಗೆ ಹೋಗಬೇಕಾಯಿತು. ನಮ್ಮಲ್ಲಿ ಸ್ವೆಟರ್ ಸಿಗುತ್ತೆ, ನೀರು ಇಳಿಯದ ಪ್ಯಾಂಟು ಸಿಗಲ್ಲ. ಒಳಗೆ ಥರ್ಮಲ್, ನಡುವೆ ಫ್ಲೀಸ್, ಮೇಲೆ ನೀರು-ಗಾಳಿ ತಡೆಯುವ ಜಾಕೆಟ್ಟು, ಪ್ಯಾಂಟು. ಕಾಟನ್ ಬೇಡ, ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿ ತಣ್ಣಗಾಗುತ್ತೆ. ಕೈಗವಸು, ಗಾಗಲ್ ಸ್ವಂತದ್ದಿರಲಿ. ಹೆಲ್ಮೆಟ್, ಬೂಟು, ಸ್ಕೀ ಅಲ್ಲೇ ಬಾಡಿಗೆಗೆ ಸಿಗುತ್ತೆ. ಡಾಕ್ಟರ್ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಳು. ಜಾಕೆಟ್ಟಿನ ಜೇಬಿನಲ್ಲಿ ಹಾಳಾಗದೆ ಉಳಿಯುವ ಊಟ ಅದೊಂದೇ.

ಪ್ರಯಾಣ ಹೀಗೆ: ಕಲಬುರಗಿಯಿಂದ ಹೈದರಾಬಾದ್‌ಗೆ ರಸ್ತೆಯಲ್ಲಿ, ಅಲ್ಲಿಂದ ದೆಹಲಿ ಮೇಲೆ ಶ್ರೀನಗರಕ್ಕೆ ವಿಮಾನ. ಶ್ರೀನಗರದಿಂದ ಗುಲ್ಮಾರ್ಗ್ ಐವತ್ತು ಕಿಲೋಮೀಟರ್ ಚಿಲ್ಲರೆ. ಬೆಟ್ಟದ ಬುಡದ ಟಂಗ್‌ಮರ್ಗ್‌ನಲ್ಲಿ ನಮ್ಮ ಗಾಡಿ ನಿಂತಿತು. ಮೇಲಿನ ಹದಿಮೂರು ಕಿಲೋಮೀಟರ್‌ಗೆ ಹಿಮ ಬಿದ್ದಿದ್ದಾಗ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಯೇ ಬೇಕು, ಅದಕ್ಕೆ ಬೇರೆ ಬಾಡಿಗೆ. ಐದು ಜನರ ಸಾಮಾನು ಹಿಮದಲ್ಲಿ ಇಳಿಸಿ ಹತ್ತಿಸುವಷ್ಟರಲ್ಲಿ ಕತ್ತಲಾಯಿತು. ಮಧ್ಯಾಹ್ನದೊಳಗೆ ಟಂಗ್‌ಮರ್ಗ್ ಮುಟ್ಟುವ ಹಾಗೆ ನೋಡಿಕೊಳ್ಳಿ.

ಮರುದಿನ ಬೆಳಿಗ್ಗೆ ಬಾಡಿಗೆ ಅಂಗಡಿ. ಇಲ್ಲಿ ಅವಸರ ಮಾಡಬೇಡಿ. ಅಂಗಡಿಯವರು ಮಾಸ್ತರಿಗೆ ಒಂದು ಬೂಟು ಕೊಟ್ಟರು. ಅವರು ಚಳಿಗೆ ಹೆದರಿ ಎರಡು ಜೊತೆ ಉಲ್ಲನ್ ಸಾಕ್ಸ್ ಹಾಕಿಕೊಂಡಿದ್ದರು. ಜರ್ಮನಿ ಗೆಳೆಯ ಮಂಡಿಯೂರಿ ಕೂತು ಎರಡೂ ಬಿಚ್ಚಿಸಿದ. ತೆಳುವಾದ ಉದ್ದ ಸಾಕ್ಸ್ ಒಂದನ್ನೇ ಹಾಕಿಸಿ, ಮಡಿಕೆ ಬಾರದ ಹಾಗೆ ಮೊಣಕಾಲಿನವರೆಗೆ ಎಳೆದ. ಥರ್ಮಲ್ ಪ್ಯಾಂಟಿನ ಅಂಚನ್ನು ಬೂಟಿನಿಂದ ಮೇಲೆ ತೆಗೆದ. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿಸಿ, ಕ್ಲಿಪ್ಪುಗಳನ್ನು ಕೆಳಗಿನಿಂದ ಒಂದೊಂದಾಗಿ ಬಿಗಿದ. ನೆಟ್ಟಗೆ ನಿಂತರೆ ಬೆರಳು ಮುಂದೆ ತಾಗಬೇಕು, ಮೊಣಕಾಲು ಬಗ್ಗಿಸಿದರೆ ಬೆರಳು ಹಿಂದೆ ಸರಿಯಬೇಕು, ಹಿಮ್ಮಡಿ ಏಳಬಾರದು. ಮೂರನೇ ಜೊತೆ ಸರಿ ಹೋಯಿತು. "ಈಗ ಕಾಲು ನನ್ನದೇ ಅನ್ಸತದ" ಅಂದರು ಮಾಸ್ತರು. ಆಮೇಲೆ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ. ಬಿದ್ದಾಗ ಬೂಟು ಸ್ಕೀಯಿಂದ ಬಿಡಿಸಿಕೊಳ್ಳಬೇಕಲ್ವಾ, ಆ ಬಿಗಿತವನ್ನು ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಎಷ್ಟು ಬರುತ್ತೆ ಅನ್ನುವುದರ ಮೇಲೆ ಹೊಂದಿಸುತ್ತಾರೆ. ತೂಕ ಕೇಳಿದರೆ ನಿಜ ಹೇಳಿ. ಅವರು ಕೇಳದಿದ್ದರೆ ನೀವೇ ಕೇಳಿ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಮೊಣಕಾಲು ಹೋಗುತ್ತೆ.

ಸಾವ್ಕಾರ, ಮಾಸ್ತರು ಇಬ್ಬರಿಗೂ ಸೇರಿ ಒಬ್ಬ ಸ್ಥಳೀಯ ಉಸ್ತಾದರನ್ನು ಗೊತ್ತು ಮಾಡಿದೆವು. ಗೆಳೆಯರಿಂದ ಕಲಿಯಬೇಡಿ, ಸ್ನೇಹವೂ ಕೆಡುತ್ತೆ, ಕಲಿಕೆಯೂ ಆಗಲ್ಲ. ನಮ್ಮ ಕಡೆಯವರಿಗೆ ದಖ್ಖನಿ ಬರುವುದು ಇಲ್ಲಿ ದೊಡ್ಡ ಅನುಕೂಲವಾಯಿತು. ಉಸ್ತಾದರು ಉರ್ದುವಿನಲ್ಲಿ ಹೇಳಿದರೆ ಸಾವ್ಕಾರ ಕಲಬುರಗಿ ದಖ್ಖನಿಯಲ್ಲಿ ಉತ್ತರ ಕೊಡುತ್ತಿದ್ದ. ಅವರಿಗೂ ಖುಷಿ. ಮೊದಲ ದಿನ ಪೂರ್ತಿ ಬಿದ್ದು ಏಳುವುದು, ಪಕ್ಕಕ್ಕೆ ಹೆಜ್ಜೆ ಇಟ್ಟು ಹತ್ತುವುದು, ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಹಿಂಭಾಗ ಅಗಲಿಸಿ ವೇಗ ತಗ್ಗಿಸುವುದು. ಧೈರ್ಯ ಜಾಸ್ತಿ ಇದ್ದ ಸಾವ್ಕಾರ ನೇರ ಹೋಗಿ ಬೀಳುತ್ತಿದ್ದ. ಹೆದರುತ್ತಿದ್ದ ಮಾಸ್ತರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿ ಸಂಜೆಯಷ್ಟೊತ್ತಿಗೆ ಎರಡೂ ಕಡೆ ತಿರುಗುತ್ತಿದ್ದರು. ಅವರ ಮುಖ ನೋಡಿ ನನಗೆ ಕಣ್ಣು ತುಂಬಿ ಬಂತು. ಆ ರಜೆ ಅರ್ಜಿಗೆ ಅವರು ಪಟ್ಟ ಪಾಡು ನಾನು ನೋಡಿದ್ದೆನಲ್ಲ.

ಮೇಲೆ ಗಾಳಿ ಜೋರಿದ್ದ ಕಾರಣ ಎರಡನೇ ಹಂತ ತೆರೆಯಲೇ ಇಲ್ಲ. ಒಂದು ದಿನ, ಮತ್ತೊಂದು ದಿನ. ಜರ್ಮನಿ ಗೆಳೆಯ ಕಿಟಕಿ ಹತ್ತಿರ ನಿಂತು ಬೆಟ್ಟ ನೋಡುತ್ತಿದ್ದ. ಗೊಂಡೊಲಾ ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆಯಬೇಕು, ಬೇಗ ಮುಗಿದುಹೋಗುತ್ತೆ. ಹಾಗಂತ ಒಂದೇ ದಿನದ ಮೇಲೆ ಎಲ್ಲಾ ಆಸೆ ಇಡಬೇಡಿ. ಟಿಕೆಟ್ ಮೇಲಿನ ಹೆಸರಿಗೆ ಹೊಂದುವ ಗುರುತಿನ ಚೀಟಿ ಪ್ರತಿಯೊಬ್ಬರ ಹತ್ತಿರ ಇರಲಿ. ಬಾಡಿಗೆ ಅಂಗಡಿಯಲ್ಲಿ ಆಧಾರ್ ಇಟ್ಟು ಬರಬೇಡಿ.

ಆ ದಿನಗಳಲ್ಲಿ ಜರ್ಮನಿ ಗೆಳೆಯ ನನ್ನ ಜೊತೆ ಕೊಂಗ್ದೂರಿಗೆ ಬಂದ. ಅಲ್ಲಿಂದ ಮೇಲೆ ಮೇರಿ ಶೋಲ್ಡರ್ ಅನ್ನುವ ಜಾಗಕ್ಕೆ ಕುರ್ಚಿ ಲಿಫ್ಟ್ ಇದೆ. ನನ್ನಂಥ ಅರೆಬರೆ ಬರುವವರಿಗೆ ಹೊಂದುವ ಜಾಗ ಅದೇ. ಕೊಂಗ್ದೂರಿಯಿಂದ ಊರಿಗೆ ಮರಗಳ ನಡುವೆ ಇಳಿಯುವ ದಾರಿಯಲ್ಲೂ ಬಂದೆವು. ಅವನು ಮುಂದೆ ಹೋಗಿ ನಿಲ್ಲುವುದು, ನಾನು ಅಲ್ಲಿಯವರೆಗೆ ಇಳಿಯುವುದು. ತೊಡೆ ನಡುಗುತ್ತಿತ್ತು, ಮನಸ್ಸು ಹಗುರವಾಗಿತ್ತು.

ಮೋಡ ಸರಿದು ಬಿಸಿಲು ಬಿದ್ದ ದಿನ ಮೇಲಿನ ಹಂತ ತೆರೆಯಿತು. ಸರದಿ ಉದ್ದವಿತ್ತು, ತುಂಬಾ ಹೊತ್ತು ನಿಂತೆವು. ಸ್ಕೀ ಮಾಡದವರೂ ಗೊಂಡೊಲಾದಲ್ಲಿ ಮೇಲೆ ಹೋಗಿ ಅದರಲ್ಲೇ ಇಳಿಯಬಹುದು. ಹಾಗಾಗಿ ಐವರೂ ಒಟ್ಟಿಗೆ ಹತ್ತಿದೆವು. ಹೊಸ ಹಿಮ ಬೀಸಿದ ಜೋಳದ ಹಿಟ್ಟಿನ ಹಾಗೆ ನುಣ್ಣಗೆ, ಒಣಗಿತ್ತು. ಹತ್ತು ಹೆಜ್ಜೆಗೆ ಏದುಸಿರು. ಗೈಡ್ ಬೆಟ್ಟದ ಸುರಕ್ಷತೆ ನೋಡಿಕೊಳ್ಳುವ ಸ್ಕೀ ಪ್ಯಾಟ್ರೋಲ್‌ನವರ ಹತ್ತಿರ ಮಾತಾಡಿ, ಇವತ್ತು ಎಲ್ಲಿ ಇಳಿಯಬಹುದು ಅಂತ ತಿಳಿದುಕೊಂಡು ಬಂದರು. ಗೊಂಡೊಲಾ ತಂತಿಯ ಕೆಳಗಿನ ಬಟ್ಟಲಿನಂಥ ಭಾಗವನ್ನು ಪ್ಯಾಟ್ರೋಲ್‌ನವರು ನೋಡಿಕೊಳ್ಳುತ್ತಾರೆ, ಅದರಾಚೆ ನಮ್ಮ ಜವಾಬ್ದಾರಿ. ಗೈಡ್, ಜರ್ಮನಿ ಗೆಳೆಯ ಇಬ್ಬರೂ ಬೀಕನ್ ಆನ್ ಮಾಡಿ ಒಬ್ಬರದ್ದೊಬ್ಬರು ಪರೀಕ್ಷಿಸಿಕೊಂಡರು. ಆಗ ಸಾವ್ಕಾರ ಅಂಚಿನವರೆಗೆ ಹೋಗಿ ಕೆಳಗೆ ಬಗ್ಗಿ ನೋಡಿದ. ಏನೂ ಹೇಳಲಿಲ್ಲ. ವಾಪಸ್ ಬಂದು, "ಹೋಗಿ ಬಾ ದೋಸ್ತ, ಕೆಳಗ ಚಾ ಕುಡಕೋತ ಕಾಯ್ತೀವಿ" ಅಂದ. ಊರಲ್ಲಿ ಮಾತಾಡಿಕೊಂಡಿದ್ದು ಅಲ್ಲಿ ಒಂದು ನಿಮಿಷದಲ್ಲಿ ಮುಗಿಯಿತು. ಕೊಂಗ್ದೂರಿಯಲ್ಲಿ ಯಾವ ಅಂಗಡಿ ಮುಂದೆ, ಎಷ್ಟೊತ್ತಿಗೆ ಸೇರುವುದು, ತಡವಾದರೆ ಯಾರಿಗೆ ಫೋನ್ ಅನ್ನುವುದೂ ಮೊದಲೇ ಗೊತ್ತಿತ್ತು. ಅವರಿಬ್ಬರೂ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು.

ವಾಪಸ್ ಬರುವ ದಿನ ಜೋರು ಹಿಮ ಬಿತ್ತು. ಶ್ರೀನಗರದಿಂದ ವಿಮಾನಗಳು ರದ್ದಾದವು. ನಾವು ಒಂದು ರಾತ್ರಿ ಶ್ರೀನಗರದಲ್ಲಿ ಉಳಿದು ರೈಲು ಹಿಡಿದೆವು. 2025ರ ಜೂನ್‌ನಿಂದ ಕಟ್ರಾ-ಶ್ರೀನಗರ ನಡುವೆ ವಂದೇ ಭಾರತ್ ಓಡುತ್ತಿದೆ, ಸುಮಾರು ಮೂರು ಗಂಟೆ. ನದಿಯಿಂದ 359 ಮೀಟರ್ ಎತ್ತರದ ಚಿನಾಬ್ ಸೇತುವೆ ಮೇಲೆ ಹೋಗುತ್ತೆ. ಕಟ್ರಾದಿಂದ ದೆಹಲಿ, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್ ನೇರ ಕಲಬುರಗಿಗೆ. ಅದಕ್ಕೇ ಒಂದು ದಿನಕ್ಕಿಂತ ಜಾಸ್ತಿ ಬೇಕು. ಮಾಸ್ತರು ಕೇಳಿಟ್ಟಿದ್ದ ಆ ಎರಡು ದಿನ ರಜೆ ಇಲ್ಲಿ ಕೆಲಸಕ್ಕೆ ಬಂತು.

ಖರ್ಚಿನ ಲೆಕ್ಕ. ಬಟ್ಟೆ ಬಿಟ್ಟು ತಲೆಗೆ ಸುಮಾರು ಐವತ್ತೈದು ಸಾವಿರ ಬಿತ್ತು. ಅದರಲ್ಲಿ ವಿಮಾನ, ಹೋಟೆಲ್ಲಿನದೇ ದೊಡ್ಡ ಪಾಲು. ವಾಪಸಾತಿ ರೈಲು, ಹೆಚ್ಚಿನ ಒಂದು ರಾತ್ರಿಯ ಹೋಟೆಲ್ ಸೇರಿಸಿ, ವಿಮಾನದ ಹಣ ಮರಳಿ ಬಂದದ್ದನ್ನು ಕಳೆದು ಬಂದ ಮೊತ್ತ ಇದು. ಗಾಡಿ, ಕೋಣೆ, ಊಟ ಐದು ಪಾಲು ಮಾಡಿದೆವು. ಉಸ್ತಾದರ ಹಣ ಕಲಿತ ಇಬ್ಬರದು, ಗೈಡ್ ಮತ್ತು ಹಿಮಕುಸಿತದ ಸಾಮಾನಿನ ಬಾಡಿಗೆ ಜರ್ಮನಿ ಗೆಳೆಯನೊಬ್ಬನದು. ಡಾಕ್ಟರಿಗೆ ಸ್ಕೀ ಬಾಡಿಗೆಯೂ ಇಲ್ಲ, ಪಾಸೂ ಇಲ್ಲ, ಅವಳ ಗೊಂಡೊಲಾ ಟಿಕೆಟ್ ಅಷ್ಟೇ. ಇದನ್ನೂ ಹೊರಡುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆವು. ಆ ಹಾಳೆಯ ಪ್ರಕಾರವೇ ಮೊನ್ನೆ ಎಲ್ಲರೂ ದುಡ್ಡು ಹಾಕಿದರು, ಯಾರಿಗೂ ಬಾಕಿ ಇಲ್ಲ.